ಎಲ್ಲ ಸಾಗರಗಳ ಚಂಡಮಾರುತ ತೋರಿಸುವ ಒಂದೇ ಆ್ಯಪ್ ನಂಬಿ ಅಡಿಕೆ ಒಣಗಿಸಬಹುದಾ?

ನೀವು ಕೇಳಿದ್ದು ಎರಡು ಪ್ರಶ್ನೆ. ಪ್ರಪಂಚದ ಎಲ್ಲ ಚಂಡಮಾರುತ ಒಂದೇ ಕಡೆ ತೋರಿಸುವ ಆ್ಯಪ್ ಯಾವುದು, ಅಂಗಳದಲ್ಲಿ ಅಡಿಕೆ ಇರುವಾಗ ಅದನ್ನೇ ನಂಬಬಹುದಾ. ಎರಡನೆಯದಕ್ಕೆ ಮೊದಲು ಉತ್ತರ: ನಂಬಬೇಡಿ. ನಮ್ಮ ತೋಟ ಪುತ್ತೂರು ಕಡೆ. ನಾನೂ ನಿಮ್ಮ ಹಾಗೇ ಇದ್ದೆ.

2024ರ ನವೆಂಬರ್‌ನಲ್ಲಿ ಆ್ಯಪ್‌ನಲ್ಲಿ ಚಂಡಮಾರುತ ನೋಡುವ ಈ ಹುಚ್ಚು ನೆತ್ತಿಗೇರಿತ್ತು. ಪಶ್ಚಿಮ ಪೆಸಿಫಿಕ್‌ನಲ್ಲಿ ಯಿನ್‌ಶಿಂಗ್, ತೊರಾಜಿ, ಉಸಾಗಿ, ಮನ್-ಯಿ ಅಂತ ನಾಲ್ಕು ಒಟ್ಟಿಗೇ ಸುತ್ತುತ್ತಿದ್ದವು. ನವೆಂಬರ್ ತಿಂಗಳಲ್ಲಿ ಹೀಗಾಗಿದ್ದು 1951ರಿಂದ ಈಚೆಗೆ ಅದೇ ಮೊದಲು ಅಂತ ಜಪಾನಿನ ಹವಾಮಾನ ಸಂಸ್ಥೆ ಹೇಳಿತ್ತು. ಊಟಕ್ಕೆ ಕೂತರೂ ಕೈಯಲ್ಲಿ ಫೋನು. "ಫಿಲಿಪೈನ್ಸ್‌ನಲ್ಲಿ ನಿಮ್ಮ ತೋಟ ಎಷ್ಟು ಎಕರೆ ಇದೆ?" ಅಂತ ಹೆಂಡತಿ ಕೇಳಿದ್ದಳು.

ಆ ತಿಂಗಳ ಕೊನೆಗೆ ನಮ್ಮ ಬಂಗಾಳ ಕೊಲ್ಲಿಯಲ್ಲೇ ಫೆಂಗಲ್ ಬಂತು. ಆಗಲೋ ಬೇಡವೋ ಅಂತ ಎಳೆದಾಡಿ 29ಕ್ಕೆ ಚಂಡಮಾರುತವಾಯಿತು. 30ರ ರಾತ್ರಿ ಪುದುಚೇರಿ ಹತ್ತಿರ ದಡ ಹತ್ತಿತು. ಆ್ಯಪ್‌ನಲ್ಲಿ ಗೆರೆ ನೆಲದ ಮೇಲೆ ಸ್ವಲ್ಪ ದೂರ ಹೋಗಿ ನಿಂತಿತ್ತು. ಆಮೇಲೆ ಚಿಹ್ನೆಯೂ ಸಣ್ಣದಾಯಿತು, 'ವಾಯುಭಾರ ಕುಸಿತ' ಅಂತ. ಸರಿ, ಇದರ ಕತೆ ಮುಗೀತು ಅಂದುಕೊಂಡೆ. ಮೊದಲ ಕೊಯ್ಲಿನ ಅಡಿಕೆ ಅಂಗಳದ ತುಂಬ ಹರಡಿತ್ತು. ಟರ್ಪಾಲು ಅಟ್ಟದಿಂದ ಇಳಿಯಲೇ ಇಲ್ಲ.

ಡಿಸೆಂಬರ್ 2, 3ಕ್ಕೆ ಆಷಾಢದ ಹಾಗೆ ಸುರಿಯಿತು. ಶಾಲೆಗಳಿಗೆ ರಜೆ ಕೊಟ್ಟರು. ಅರೆ ಒಣಗಿದ ಅಡಿಕೆ ನೆನೆದರೆ ಏನಾಗುತ್ತದೆ ಅಂತ ನಿಮಗೆ ಹೇಳಬೇಕಾಗಿಲ್ಲ. ಬೂಷ್ಟು ಹಿಡಿಯಿತು. ಸುಲಿದ ಮೇಲೆ ಅರ್ಧಕ್ಕರ್ಧ ಕರಿಗೋಟಿನ, ಅಂದರೆ ಕೆಟ್ಟು ಕಪ್ಪಾದ ಅಡಿಕೆಯ ಚೀಲಕ್ಕೆ ಹೋಯಿತು.

ನಾನು ಎಡವಿದ್ದು ಎಲ್ಲಿ ಅಂತ ಸ್ವಲ್ಪ ಉದ್ದಕ್ಕೇ ಹೇಳುತ್ತೇನೆ, ಸಹಿಸಿಕೊಳ್ಳಿ. ದರ್ಜೆ ಇಳಿಯಿತು ಅಂದರೆ ಅಪಾಯ ಇಳಿಯಿತು ಅಂತ ಓದಿಕೊಂಡೆ. ಆದರೆ ದರ್ಜೆ ಬರೀ ಗಾಳಿಯ ಲೆಕ್ಕ. ನಮ್ಮ ಹವಾಮಾನ ಇಲಾಖೆಯ ಪಟ್ಟಿಯಲ್ಲಿ ಗಂಟೆಗೆ 31ರಿಂದ 50 ಕಿ.ಮೀ. ಇದ್ದರೆ ವಾಯುಭಾರ ಕುಸಿತ, 62 ಮುಟ್ಟಿದರೆ ಚಂಡಮಾರುತ, 222 ಮುಟ್ಟಿದರೆ ಸೂಪರ್ ಸೈಕ್ಲೋನ್. ಮಳೆಯ ಸುದ್ದಿಯೇ ಇಲ್ಲ, ನೋಡಿ. ನೆಲಕ್ಕೆ ಬಂದ ಮೇಲೆ ಬೆಚ್ಚಗಿನ ಸಮುದ್ರದ ಆಸರೆ ತಪ್ಪಿ ಗಾಳಿ ಸೊರಗುತ್ತದೆ. ಹೊತ್ತು ತಂದ ತೇವ ಎಲ್ಲಿಗೆ ಹೋಗಬೇಕು? ಚಂಡಮಾರುತ ನಿಧಾನ ಹೋದಷ್ಟೂ ಒಂದೇ ಕಡೆ ಜಾಸ್ತಿ ಸುರಿಯುತ್ತದೆ. ಫೆಂಗಲ್ ಪುದುಚೇರಿ ಹತ್ತಿರ ಗಂಟೆಗಟ್ಟಲೆ ಕದಲದೆ ನಿಂತಿತು. ಅಲ್ಲಿ ಒಂದೇ ದಿನಕ್ಕೆ 50 ಸೆಂ.ಮೀ. ಹತ್ತಿರ ಮಳೆ. ಬಲ ಕಳೆದುಕೊಂಡ ಮೇಲೂ, ಸಮುದ್ರದಿಂದ ಅಷ್ಟು ಒಳಗಿರುವ ಕೃಷ್ಣಗಿರಿ ಜಿಲ್ಲೆಯ ಊತ್ತಂಗರೈಯಲ್ಲಿ 50 ಸೆಂ.ಮೀ. ಸುರಿಸಿತು. ಅಲ್ಲಿಂದ ಘಟ್ಟ ದಾಟಿ ಅರಬ್ಬಿ ಸಮುದ್ರಕ್ಕೆ ಇಳಿಯಿತು. ನಡುವೆ ಸಿಕ್ಕಿದ್ದು ನನ್ನ ಅಂಗಳ.

ಆ ಗೆರೆಯೂ ಅಷ್ಟೇ. ಅದು ಕೇಂದ್ರ ಹೋಗುವ ದಾರಿ ಮಾತ್ರ, ಮೋಡ ನೂರಾರು ಕಿ.ಮೀ. ಹರಡಿರುತ್ತದೆ. ಗೆರೆಯ ಸುತ್ತ ಲಾಳಿಕೆ ಆಕಾರದಲ್ಲಿ ಬಣ್ಣ ಬಳಿದಿರುತ್ತಾರಲ್ಲ, ಅದನ್ನು ಬಿರುಗಾಳಿಯ ಗಾತ್ರ ಅಂದುಕೊಳ್ಳುವವರೇ ಜಾಸ್ತಿ. ಕೇಂದ್ರ ಆಚೀಚೆ ಎಷ್ಟು ಸರಿಯಬಹುದು ಅನ್ನುವ ಅಂದಾಜು ಅದು. 2022ರಲ್ಲಿ ಇಯಾನ್ ಚಂಡಮಾರುತ ಬರುವಾಗ ಫ್ಲೋರಿಡಾದಲ್ಲಿ ಎಲ್ಲರ ಕಣ್ಣು ಟ್ಯಾಂಪಾ ಮೇಲಿತ್ತು. ಹೊಡೆತ ಬಿದ್ದದ್ದು ಅದರ ದಕ್ಷಿಣಕ್ಕೆ, ಫೋರ್ಟ್ ಮೈಯರ್ಸ್ ಕಡೆಗೆ.

ಇನ್ನು 'ಒಂದೇ ಆ್ಯಪ್' ವಿಚಾರ. ಆ ಆಸೆಯೇ ತಪ್ಪು ಅನ್ನುತ್ತೇನೆ. ವಿಶ್ವ ಹವಾಮಾನ ಸಂಸ್ಥೆಯ ಏರ್ಪಾಡಿನಲ್ಲಿ ಒಂದೊಂದು ಸಾಗರಕ್ಕೆ ಒಂದೊಂದು ಕೇಂದ್ರ. ಅಟ್ಲಾಂಟಿಕ್ ಮಯಾಮಿಗೆ, ಪಶ್ಚಿಮ ಪೆಸಿಫಿಕ್ ಟೋಕಿಯೊಗೆ, ನೈಋತ್ಯ ಹಿಂದೂ ಮಹಾಸಾಗರ ರಿಯೂನಿಯನ್ ದ್ವೀಪಕ್ಕೆ, ನಮ್ಮ ಎರಡೂ ಕಡಲು ದೆಹಲಿಗೆ. ಗಾಳಿ ಅಳೆಯುವ ರೀತಿಯೂ ಬೇರೆ ಬೇರೆ. ಮಯಾಮಿಯವರದು 1 ನಿಮಿಷದ ಸರಾಸರಿ, ದೆಹಲಿಯವರದು 3, ಟೋಕಿಯೊದವರದು 10. ಅಮೆರಿಕದ ನೌಕಾಪಡೆಯ ಕೇಂದ್ರವೊಂದು ಬೇರೆ ನಮ್ಮ ಚಂಡಮಾರುತಗಳಿಗೂ 1 ನಿಮಿಷದ ಲೆಕ್ಕದಲ್ಲಿ ಅಂಕಿ ಕೊಡುತ್ತದೆ. ಎಷ್ಟೋ ಆ್ಯಪ್‌ಗಳು ಅದನ್ನೇ ಎತ್ತಿಕೊಳ್ಳುತ್ತವೆ. ಸೇರಿನ ಲೆಕ್ಕಕ್ಕೆ ಕೆ.ಜಿ. ಲೆಕ್ಕ ಕೂಡಿದ ಹಾಗೆ ಅದು.

ಹವ್ಯಾಸಕ್ಕೆ ನೋಡಿ, ಬೇಡ ಅನ್ನುವುದಿಲ್ಲ. 2023ರ ಫ್ರೆಡ್ಡಿಯಂಥದ್ದು ಸಿಕ್ಕಿದರೆ ಹಬ್ಬ. ಆಸ್ಟ್ರೇಲಿಯಾ ಹತ್ತಿರ ಹುಟ್ಟಿ, ಇಡೀ ಹಿಂದೂ ಮಹಾಸಾಗರ ದಾಟಿ, ಮೊಜಾಂಬಿಕ್‌ಗೆ ಎರಡು ಸಲ ಅಪ್ಪಳಿಸಿತು. ಹಬ್ಬ ಅಂದದ್ದು ದೂರದಿಂದ ನೋಡುವ ನಮಗೆ, ಅಲ್ಲಿನವರಿಗಲ್ಲ.

ಕೊಯ್ಲಿನ ಸಮಯದಲ್ಲಿ ಮಾತ್ರ ನಕ್ಷೆ ಮುಚ್ಚಿ. ದೆಹಲಿಯ ಹವಾಮಾನ ಇಲಾಖೆಯ ಪ್ರಕಟಣೆ ತೆಗೆದು ನೇರ ಮಳೆಯ ಭಾಗಕ್ಕೆ ಹೋಗಿ, ನಿಮ್ಮ ಜಿಲ್ಲೆಗೆ ಯಾವ ಬಣ್ಣದ ಎಚ್ಚರಿಕೆ ಕೊಟ್ಟಿದ್ದಾರೆ ನೋಡಿ. ಚಂಡಮಾರುತ ದುರ್ಬಲವಾಯಿತು ಅಂತ ಟಿವಿಯಲ್ಲಿ ಬಂದ ಮೇಲೂ ಮೂರು ದಿನ ಅದನ್ನೇ ನೋಡಿ. ಆ್ಯಪ್‌ನ ಪ್ರೀಮಿಯಂ ಚಂದಾ ಕಟ್ಟುವ ಯೋಚನೆ ಇದ್ದರೆ ಬಿಡಿ. ಆ ದುಡ್ಡಿಗೆ ಒಳ್ಳೆಯ ಟರ್ಪಾಲು ಬರುತ್ತದೆ.