ಬಾಯ್ಲರಿನ ಹೊಗೆಕೊಳವೆಗೆ ಅಂಟಿದ ಟಾರನ್ನು ತೆಗೆಯುವುದು ಹೇಗೆ?

ಪ್ರಶ್ನೆ: ನಮ್ಮದು ಅವಿಭಕ್ತ ಕುಟುಂಬ. ಸ್ನಾನದ ನೀರಿಗಾಗಿ ಮನೆಯ ಹಿಂದೆ ಬಯಲಿನಲ್ಲಿ ದೊಡ್ಡ ಸೌದೆ ಬಾಯ್ಲರ್ ಇಟ್ಟಿದ್ದೇವೆ. ಉರಿಸುವುದು ಹೆಚ್ಚಾಗಿ ತೆಂಗಿನ ಮಟ್ಟೆ. ಮಳೆಗಾಲ ಮುಗಿಯುವ ಹೊತ್ತಿಗೆ ಒಲೆಯ ಒಳಗೋಡೆಗೂ ಹೊಗೆಕೊಳವೆಗೂ ಡಾಂಬರಿನಂತಹ ಪದರ ಅಂಟಿಕೊಂಡಿದೆ. ಸೀಮೆಎಣ್ಣೆ ಸುರಿದು ಜೋರಾಗಿ ಉರಿಸಿದರೆ ಸುಟ್ಟುಹೋಗುತ್ತದೆ ಎನ್ನುತ್ತಾರೆ. ಹಾಗೆ ಮಾಡಬಹುದೇ?
– ಓದುಗರೊಬ್ಬರು, ತಿಪಟೂರು ತಾಲ್ಲೂಕು

ಉತ್ತರ: ದಯವಿಟ್ಟು ಮಾಡಬೇಡಿ. ಆ ಪದರದ ಹೆಸರು ಕ್ರಿಯೋಸೋಟ್. ಪೂರ್ತಿ ಉರಿಯದ ಹೊಗೆಯಲ್ಲಿರುವ ಟಾರಿನ ಆವಿಯು ಸುಮಾರು 120 ಡಿಗ್ರಿ ಸೆಲ್ಸಿಯಸ್‌ಗಿಂತ ತಣ್ಣಗಿರುವ ಲೋಹಕ್ಕೆ ತಗುಲಿದಾಗ ಹೀಗೆ ಕಟ್ಟಿಕೊಳ್ಳುತ್ತದೆ. ಬಾಯ್ಲರಿನ ಒಲೆಗೋಡೆಯ ಆಚೆಗೆ ನೀರೇ ಇರುವುದರಿಂದ ಆ ಗೋಡೆ ಅಷ್ಟು ಕಾಯುವುದೇ ಇಲ್ಲ. ಕ್ರಿಯೋಸೋಟ್ ಸುಮಾರು 230 ಡಿಗ್ರಿಯಲ್ಲಿ ಹೊತ್ತಿಕೊಳ್ಳುತ್ತದೆ, ಹೊತ್ತಿಕೊಂಡರೆ ಕೊಳವೆಯೊಳಗಿನ ಶಾಖ 1,000 ಡಿಗ್ರಿಯನ್ನೂ ಮೀರಬಹುದು. ನಿಮ್ಮ ಕಡೆ ಮನೆಯ ಅಟ್ಟದಲ್ಲಿ ಕೊಬ್ಬರಿಯೂ ಅಂಗಳದಲ್ಲಿ ಮಟ್ಟೆಯ ರಾಶಿಯೂ ಇರುವುದು ಸಾಮಾನ್ಯವಾದ್ದರಿಂದ, ಕೊಳವೆಯಿಂದ ಹಾರುವ ಕಿಡಿಯನ್ನು ಹಗುರವಾಗಿ ಕಾಣಲಾಗದು. ಇನ್ನು ಸೀಮೆಎಣ್ಣೆಯ ಆವಿಯು ಬಿಸಿ ಒಲೆಯೊಳಗೆ ತುಂಬಿಕೊಂಡು ಒಮ್ಮೆಲೇ ಹೊತ್ತಿದರೆ, ಜ್ವಾಲೆ ಬಾಗಿಲಿನಿಂದ ಮುಖಕ್ಕೇ ನುಗ್ಗುತ್ತದೆ.

ಶುಚಿಗೊಳಿಸುವ ಕೆಲಸವನ್ನು ಒಲೆ ಪೂರ್ತಿ ಆರಿದ ಮೇಲೆಯೇ ಮಾಡಬೇಕು. ಬೂದಿಯಡಿಯಲ್ಲಿ ಕೆಂಡ ದಿನಗಟ್ಟಲೆ ಉಳಿಯುವುದರಿಂದ ಕನಿಷ್ಠ ಒಂದು ಪೂರ್ತಿ ದಿನ ಬಿಟ್ಟು, ಆಮೇಲೂ ಕೆದಕಿ ನೋಡಿಯೇ ಕೈ ಹಾಕಿ. ಬೇಗ ಆರಲೆಂದು ನೀರು ಸುರಿದರೆ ಕಾದ ಕಬ್ಬಿಣದ ಬೆಸುಗೆ ಬಿರುಕು ಬಿಡಬಹುದು. ನೆನೆದ ಬೂದಿ ಮತ್ತು ಟಾರು ಸೇರಿ ತಗಡನ್ನು ತಿನ್ನುವುದು ಬೇರೆ. ಗಾಳಿ ಊದುವ ಫ್ಯಾನ್ ಇದ್ದರೆ ಅದರ ಪ್ಲಗ್ ಕಿತ್ತಿಡಿ. ಕೈಗವಸು, ಕನ್ನಡಕ, ಎನ್-95 ಮಾಸ್ಕ್ ಮತ್ತು ತುಂಬುತೋಳಿನ ಬಟ್ಟೆ ಅಗತ್ಯ, ಏಕೆಂದರೆ ಚಿಮಣಿಯ ಮಸಿ ಕ್ಯಾನ್ಸರ್ ತರುವ ವಸ್ತುವೆಂದು ಖಚಿತವಾಗಿದೆ.

ಹೊಗೆಕೊಳವೆಯನ್ನು ಬಿಚ್ಚಿ ಕೆಳಗಿಳಿಸಿ, ಅದರ ಅಳತೆಯ ತಂತಿ ಬ್ರಷ್‌ನಿಂದ ಉಜ್ಜಿ. ಒಲೆಗೋಡೆಯನ್ನು ಚಪ್ಪಟೆ ಕೆರೆಯುವ ಸಲಾಕೆಯಿಂದ ಕೆರೆಯಬಹುದು, ಆದರೆ ಸುತ್ತಿಗೆಯಿಂದ ಹೊಡೆಯಬಾರದು. ಕೊಳವೆಯೊಳಗೆ ಪದರವು ಗಾಜಿನಂತೆ ಹೊಳೆಯುತ್ತಿದ್ದರೆ ಬ್ರಷ್ ಹಿಡಿಯುವುದಿಲ್ಲ. ಅದನ್ನು ಬಿಡಿಸುವ ಶ್ರಮಕ್ಕಿಂತ ಹೊಸ ತಗಡಿನ ಕೊಳವೆ ಹಾಕಿಸುವುದೇ ಲೇಸೆಂದು ನನ್ನ ಅಭಿಪ್ರಾಯ. ತೆಗೆದ ಮಸಿ, ಬೂದಿಯನ್ನು ಮುಚ್ಚಳವಿರುವ ತಗಡಿನ ಡಬ್ಬಕ್ಕೆ ತುಂಬಿ ಮನೆಯಿಂದ ದೂರ ಬರಿನೆಲದ ಮೇಲಿಡಿ, ತಿಪ್ಪೆಗೆ ಹಾಕಬೇಡಿ.

ಮುಖ್ಯ ಕಾರಣವೆಂದರೆ ಹಸಿ ಮಟ್ಟೆ. ಸೌದೆಯಲ್ಲಿ ತೇವ ಶೇಕಡ 20ಕ್ಕಿಂತ ಕಡಿಮೆ ಇರಬೇಕು. ಆದ್ದರಿಂದ ಬೇಸಿಗೆಯಲ್ಲಿ ಒಣಗಿಸಿದ್ದನ್ನು ಮಳೆ ತಾಗದಂತೆ, ಗಾಳಿಯಾಡುವ ಸೂರಿನಡಿ ಜೋಡಿಸಿಡಿ. ಬೆಳಗಿನವರೆಗೆ ಬಿಸಿ ಉಳಿಯಲೆಂದು ಗಾಳಿಕಿಂಡಿ ಮುಚ್ಚಿ ರಾತ್ರಿಯಿಡೀ ಹೊಗೆಯಾಡಲು ಬಿಡುವ ಅಭ್ಯಾಸವಿದ್ದರೆ ಅದನ್ನು ನಿಲ್ಲಿಸಿ, ಸಣ್ಣದಾದರೂ ಚುರುಕಾದ ಉರಿ ಇಡಿ. ತಿಂಗಳಿಗೊಮ್ಮೆ ಕೊಳವೆ ನೋಡಿ, ಪದರ 3 ಮಿಲಿಮೀಟರ್ ಆಗುವ ಮೊದಲೇ ತೆಗೆಯಿರಿ. ಎಂದಾದರೂ ಕೊಳವೆಯೊಳಗೆ ಬೆಂಕಿ ಹತ್ತಿ ಭೋರ್ಗರೆಯುವ ಸದ್ದು ಬಂದರೆ, ಬಾಗಿಲನ್ನೂ ಗಾಳಿಕಿಂಡಿಯನ್ನೂ ಮುಚ್ಚಿ, ನೀರು ಎರಚದೆ ದೂರ ಸರಿದು 112ಕ್ಕೆ ಕರೆ ಮಾಡಿ.