ಕೈತೋಟ ಪ್ರಶ್ನೋತ್ತರ: ಡ್ರಮ್ಮು ನಾರುವುದೇಕೆ?

ಪ್ರಶ್ನೆ: ನಮ್ಮ ಬೀದಿಯ ಹದಿನೆಂಟು ಮನೆಯವರು ಸೇರಿ ಕೈತೋಟ ಬಳಗ ಕಟ್ಟಿಕೊಂಡಿದ್ದೇವೆ. ಗೊಬ್ಬರ ಮಾಡಲೆಂದು ಎಲ್ಲರೂ ಒಂದೊಂದು ಪ್ಲಾಸ್ಟಿಕ್ ಡ್ರಮ್ಮು ತಂದು, ತರಕಾರಿ ಸಿಪ್ಪೆ, ಸೊಪ್ಪಿನ ದಂಟು, ಉಳಿದ ಅನ್ನವನ್ನು ಮೂರು ವಾರಗಳಿಂದ ಅದಕ್ಕೆ ಹಾಕಿ ಮುಚ್ಚಳ ಬಿಗಿಯುತ್ತಿದ್ದೇವೆ. ಈಗ ಮುಚ್ಚಳ ತೆಗೆದರೆ ಕೆಟ್ಟ ನಾತ, ತಳದಲ್ಲಿ ಕಪ್ಪು ನೀರು, ಮೇಲೆಲ್ಲ ಹುಳು. ಪಕ್ಕದ ಮನೆಯವರು ಜಗಳಕ್ಕೆ ಬಂದಿದ್ದಾರೆ. ಇದನ್ನು ಬಿಟ್ಟುಬಿಡುವುದೇ ಒಳ್ಳೆಯದೇ?
— ಓದುಗರೊಬ್ಬರು, ಕುವೆಂಪುನಗರ, ಮೈಸೂರು

ಉತ್ತರ: ಬಿಡಬೇಡಿ. ನಿಮ್ಮ ಪತ್ರದಲ್ಲಿ ಹಸಿ ಪದಾರ್ಥಗಳ ಪಟ್ಟಿ ಇದೆಯೇ ಹೊರತು ಒಂದು ಹಿಡಿ ಒಣ ಎಲೆಯ ಮಾತೂ ಇಲ್ಲ. ನಾತದ ಮೂಲ ಅಲ್ಲಿಯೇ ಇದೆ. ಅಡುಗೆಮನೆಯ ಕಸದಲ್ಲಿ ನೀರು ಮತ್ತು ಸಾರಜನಕ ಹೆಚ್ಚು, ಇಂಗಾಲ ಕಡಿಮೆ; ಆ ಇಂಗಾಲವನ್ನು ಒದಗಿಸುವುದು ಒಣ ಎಲೆ. ಗೊಬ್ಬರ ಮಾಡುವ ಸೂಕ್ಷ್ಮಜೀವಿಗಳಿಗೆ ಒಂದು ಪಾಲು ಸಾರಜನಕಕ್ಕೆ ಸುಮಾರು 25ರಿಂದ 30 ಪಾಲು ಇಂಗಾಲ ಬೇಕು, ಜೊತೆಗೆ ಉಸಿರಾಡಲು ಗಾಳಿಯೂ ಬೇಕು. ಬಿಗಿದ ಡ್ರಮ್ಮಿನಲ್ಲಿ ಅನ್ನವೂ ಸಿಪ್ಪೆಯೂ ಮುದ್ದೆಗಟ್ಟಿ ಕೂತಾಗ ಒಳಗೆ ಗಾಳಿಯಾಡದೆ, ಗಾಳಿ ಬೇಡದ ಬೇರೆ ಜಾತಿಯ ಜೀವಿಗಳು ಮೇಲುಗೈ ಪಡೆದು ಕಸವನ್ನು ಕೊಳೆಸುತ್ತವೆ.

ಇದನ್ನು ಸರಿಪಡಿಸಲು ಒಂದು ಬೆಳಗ್ಗೆ ಸಾಕು. ಡ್ರಮ್ಮಿನಲ್ಲಿರುವುದನ್ನೆಲ್ಲ ಹಳೆಯ ಗೋಣಿಚೀಲದ ಮೇಲೆ ಸುರಿದು, ಅದರ ಎರಡರಷ್ಟು ಪುಡಿಮಾಡಿದ ತರಗೆಲೆಯನ್ನು ಕೈಯಾರೆ ಬೆರೆಸಿರಿ. ಕಪ್ಪು ನೀರನ್ನು ಗಿಡಕ್ಕೆ ಹಾಕದೆ ಆ ಎಲೆಗೇ ಹೀರಿಸಿರಿ. ಡ್ರಮ್ಮಿನ ತಳಕ್ಕೂ ಪಕ್ಕಗಳಿಗೂ ಬೆರಳು ಹೋಗುವಷ್ಟು ತೂತುಗಳನ್ನು ಕೊರೆದು, ಅದನ್ನು ಎರಡು ಇಟ್ಟಿಗೆಯ ಮೇಲೆ ನಿಲ್ಲಿಸಿ, ತಳದಲ್ಲಿ ಗೇಣುದ್ದ ತೆಂಗಿನ ನಾರು ಹಾಸಿ, ಬೆರೆಸಿದ್ದನ್ನು ಮತ್ತೆ ತುಂಬಿರಿ. ಹದ ತಿಳಿಯಲು ಒಂದು ಹಿಡಿ ತೆಗೆದುಕೊಂಡು ಹಿಂಡಿ ನೋಡಿ: ಬೆರಳ ಸಂದಿಯಲ್ಲಿ ಒಂದೆರಡು ಹನಿ ಮಾತ್ರ ಕಾಣಿಸಿಕೊಂಡರೆ ಸರಿ, ಧಾರೆಯಾಗಿ ಇಳಿದರೆ ಇನ್ನೂ ಎಲೆ ಬೇಕು, ಪುಡಿಪುಡಿಯಾಗಿ ಉದುರಿದರೆ ನೀರು ಚಿಮುಕಿಸಬೇಕು. ಅಲ್ಲಿಂದ ಮುಂದೆ ಪ್ರತಿದಿನವೂ ಒಂದು ಬಟ್ಟಲು ಹಸಿ ಕಸಕ್ಕೆ ಎರಡು ಬಟ್ಟಲು ಒಣ ಎಲೆ ಹಾಕಿ, ನಾಲ್ಕೈದು ದಿನಕ್ಕೊಮ್ಮೆ ಕೋಲಿನಿಂದ ಮಗುಚುತ್ತಿರಿ. ಎರಡೇ ದಿನದಲ್ಲಿ ನಾತ ಇಳಿಯುತ್ತದೆ. ಪಕ್ಕದ ಮನೆಯವರನ್ನು ಆಮೇಲೆ ಕರೆದು ತೋರಿಸಿ, ಮೊದಲೇ ಬೇಡ.

ಹುಳುಗಳ ವಿಷಯದಲ್ಲಿ ಗಾಬರಿ ಬೇಡ. ಬೂದುಗಂದು ಬಣ್ಣದ, ಚಪ್ಪಟೆಯಾದ, ಪಟ್ಟೆಪಟ್ಟೆಯಾಗಿ ಕಾಣುವ ಹುಳುಗಳು ಕಪ್ಪು ಸೈನಿಕ ನೊಣದ ಮರಿಗಳು. ಅವು ಕಚ್ಚುವುದಿಲ್ಲ, ಕಸವನ್ನು ಬೇಗ ಬೇಗ ತಿಂದು ಮುಗಿಸುತ್ತವೆ.

ನಿಮ್ಮ ಬಳಗ ಡ್ರಮ್ಮು ಕೊಳ್ಳುವ ಮೊದಲು ಎಲೆ ಕೂಡಿಡಬೇಕಿತ್ತು ಎಂಬುದು ನನ್ನ ಅಭಿಪ್ರಾಯ. ಹಸಿ ಕಸ ಎಲ್ಲರ ಮನೆಯಲ್ಲೂ ದಿನವೂ ಹುಟ್ಟುತ್ತದೆ. ಒಣ ಎಲೆ ಹಾಗಲ್ಲ. ಮೈಸೂರಿನ ಸಾಲುಮರಗಳಲ್ಲಿ ಹೊಂಗೆಯಂಥವು ಚಳಿ ಮುಗಿಯುವ ಹೊತ್ತಿಗೆ ರಾಶಿರಾಶಿ ಎಲೆ ಉದುರಿಸುತ್ತವೆ, ಆದರೆ ಮಳೆಗಾಲದಲ್ಲಿ ಒಂದು ಬುಟ್ಟಿ ಗರಿಗರಿಯಾದ ಎಲೆಗೂ ಪರದಾಡಬೇಕಾಗುತ್ತದೆ. ಒಂದು ಮನೆಗೆ ತಿಂಗಳಿಗೆ ಒಂದೆರಡು ಚೀಲ ಎಲೆ ಬೇಕೆಂದು ಲೆಕ್ಕ ಹಾಕಿ, ಯಾರದಾದರೂ ಮಹಡಿ ಮೆಟ್ಟಿಲ ಕೆಳಗೆ ಮಳೆ ತಾಗದ ಜಾಗ ಹುಡುಕಿ ಚೀಲಗಳನ್ನು ಪೇರಿಸಿಡಿ. ಬೀದಿಯಲ್ಲಿ ಎಲೆ ಸುಡುವುದನ್ನು 2016ರ ಘನತ್ಯಾಜ್ಯ ನಿರ್ವಹಣಾ ನಿಯಮಗಳೇ ನಿಷೇಧಿಸಿದ್ದವು. ಆದರೂ 73 ನಗರಗಳ ಸ್ವಚ್ಛತಾ ಸಮೀಕ್ಷೆಯಲ್ಲಿ ಅದೇ ವರ್ಷ ಮೊದಲ ಸ್ಥಾನ ಪಡೆದ ನಮ್ಮ ಊರಿನಲ್ಲಿ ಬೆಳಗಿನ ವಾಯುವಿಹಾರಕ್ಕೆ ಹೊರಟಾಗ ಎಲೆಯ ಹೊಗೆ ಮೂಗಿಗೆ ಬಡಿಯುವುದು ನನಗೇನೂ ಅಪರೂಪವಲ್ಲ. ಗುಡಿಸುವವರೊಡನೆ ಮಾತಾಡಿ, ಬೆಂಕಿ ಬೀಳುವ ಮೊದಲೇ ಆ ರಾಶಿಯನ್ನು ಕೇಳಿ ಪಡೆಯಿರಿ.

ಪ್ರಶ್ನೆ: ನಮ್ಮ ಕಡೆ ತರಗೆಲೆಗಿಂತ ಕಬ್ಬಿನ ತರಗೇ ಹೆಚ್ಚು. ಅದನ್ನು ಗೊಬ್ಬರಕ್ಕೆ ಬಳಸಬಹುದೇ? ಅರ್ಧ ಕಳಿತ ಗೊಬ್ಬರವನ್ನು ಕುಂಡಕ್ಕೆ ಹಾಕಿದ್ದಕ್ಕೆ ಮೆಣಸಿನ ಗಿಡ ಹಳದಿಯಾಗಿದೆ, ಕಾರಣವೇನು?
— ಓದುಗರೊಬ್ಬರು, ಮಂಡ್ಯ

ಉತ್ತರ: ಧಾರಾಳವಾಗಿ ಬಳಸಿ, ಆದರೆ ಇಡಿಯಾಗಿ ಹಾಕಬೇಡಿ. ಕಬ್ಬಿನ ತರಗಿನಲ್ಲಿ ಇಂಗಾಲ ಬಹಳ ಹೆಚ್ಚು, ನೀರನ್ನೂ ಅದು ಬೇಗ ಹೀರುವುದಿಲ್ಲ. ಆದ್ದರಿಂದ ಅರ್ಧ ಗೇಣಿನ ತುಂಡುಗಳಾಗಿ ಕತ್ತರಿಸಿ, ಒಂದು ರಾತ್ರಿ ನೆನೆಸಿ, ಸಗಣಿ ನೀರು ಚಿಮುಕಿಸಿ ಹಸಿ ಕಸದೊಡನೆ ಬೆರೆಸಿರಿ.

ಇನ್ನು ಮೆಣಸಿನ ಗಿಡದ ಮಾತು. ಪೂರ್ತಿ ಕಳಿಯದ ಗೊಬ್ಬರವು ಕುಂಡದೊಳಗೂ ಕೊಳೆಯುತ್ತಲೇ ಇರುತ್ತದೆ. ಆಗ ಸೂಕ್ಷ್ಮಜೀವಿಗಳು ಮಣ್ಣಿನ ಸಾರಜನಕವನ್ನು ತಾವೇ ಬಳಸಿಕೊಳ್ಳುವುದರಿಂದ ಗಿಡಕ್ಕೆ ಕೊರತೆಯಾಗಿ, ಮೊದಲು ಕೆಳಗಿನ ಎಲೆಗಳು ಹಳದಿಯಾಗುತ್ತವೆ. ನಿಮ್ಮ ಗಿಡಕ್ಕೆ ಆಗಿರುವುದು ಬಹುಶಃ ಇದೇ. ಗೊಬ್ಬರ ಮುಟ್ಟಿದರೆ ತಣ್ಣಗಿದ್ದು, ಮೊದಲ ಮಳೆಯ ಮಣ್ಣಿನ ವಾಸನೆ ಬರಬೇಕು; ಅದಕ್ಕೆ ಸಾಮಾನ್ಯವಾಗಿ ಎರಡು ಮೂರು ತಿಂಗಳು ಹಿಡಿಯುತ್ತದೆ. ಸಂಶಯವಿದ್ದರೆ ಅದನ್ನು ಜರಡಿ ಹಿಡಿದು ಒಂದು ತಟ್ಟೆಯಲ್ಲಿ ಹರಡಿ ಮೆಂತ್ಯ ಬಿತ್ತಿ. ವಾರದೊಳಗೆ ಮೊಳಕೆಗಳು ಹಸಿರಾಗಿ ನಿಂತರೆ ಗೊಬ್ಬರ ಪಕ್ವವಾಗಿದೆ, ಸುಟ್ಟಂತಾದರೆ ಇನ್ನೊಂದು ತಿಂಗಳು ಕಾಯಬೇಕು. ಪಕ್ವವಾದ ಮೇಲೂ ಕುಂಡದಲ್ಲಿ ಮೂರರಲ್ಲಿ ಒಂದು ಪಾಲು ಮಾತ್ರ ಗೊಬ್ಬರವಿರಲಿ.

ಪ್ರಶ್ನೆ: ಕಸ ಬೇಗ ಗೊಬ್ಬರವಾಗಲೆಂದು ಅಂಗಡಿಯಲ್ಲಿ ಮಾರುವ ಪುಡಿಯನ್ನು ಡ್ರಮ್ಮಿಗೆ ಹಾಕಲೇಬೇಕೇ?
— ಓದುಗರೊಬ್ಬರು, ಸರಸ್ವತಿಪುರಂ, ಮೈಸೂರು

ಉತ್ತರ: ಬೇಡ. ಹುಳಿ ಮಜ್ಜಿಗೆ ಒಂದು ಲೋಟ, ಅದಕ್ಕಿಂತ ಮಿಗಿಲಾಗಿ ಹಳೆಯ ಗೊಬ್ಬರ ಒಂದು ಹಿಡಿ ಸಾಕು.