ಅವಳಿಗಳಲ್ಲಿ ಒಬ್ಬಳೇ ಏಕೆ ಮೌನಿ?

(ಕುಟುಂಬದ ಒಪ್ಪಿಗೆ ಪಡೆದು, ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ.)

ಬೀದರ್ ನಗರದ ದಂಪತಿ ಹತ್ತನೇ ತರಗತಿಯ ಮಗಳನ್ನು ಆಪ್ತಸಲಹೆಗಾಗಿ ನನ್ನ ಬಳಿ ಕರೆತಂದಿದ್ದರು. ಶಾಲೆಗೆ ಹೊರಡುವ ಹೊತ್ತಿಗೆ ಅವಳಿಗೆ ಹೊಟ್ಟೆನೋವು ಬರುತ್ತದೆ, ಭಾನುವಾರ ಬರುವುದಿಲ್ಲ. ವೈದ್ಯರು ಪರೀಕ್ಷಿಸಿ ದೇಹದಲ್ಲಿ ದೋಷವಿಲ್ಲ ಎಂದಿದ್ದರು. ಅವಳಿ ಅಕ್ಕ ಮಾತಿನ ಮಲ್ಲಿ, ಭಾಷಣ ಸ್ಪರ್ಧೆಗಳಲ್ಲಿ ಮುಂದು. ಈಕೆ ಗೊತ್ತಿರುವ ಉತ್ತರವನ್ನೂ ತರಗತಿಯಲ್ಲಿ ಹೇಳುವುದಿಲ್ಲ.

"ಒಂದೇ ಗರ್ಭ, ಒಂದೇ ಮನೆ, ಒಂದೇ ಶಾಲೆ. ಇವಳೊಬ್ಬಳು ಹೀಗೇಕೆ ಮೇಡಂ? ರಕ್ತದ ದೋಷವೋ, ನಾವು ಬೆಳೆಸಿದ್ದರಲ್ಲಿ ತಪ್ಪೋ?" ಎಂದು ತಂದೆ ಕೇಳಿದರು.

ಹುಡುಗಿಯೊಡನೆ ಒಬ್ಬಳೇ ಇದ್ದಾಗ ಪ್ರಶ್ನೆ ಕೇಳುವುದನ್ನು ಬಿಟ್ಟು ಹಾಳೆ, ಪೆನ್ಸಿಲ್ ಕೊಟ್ಟೆ. ಬಹಳ ಹೊತ್ತು ತಲೆ ಎತ್ತಲಿಲ್ಲ. ಒಂದೊಂದು ಎಲೆಯ ನರವನ್ನೂ ಬಿಡದೆ ಬಳ್ಳಿಯೊಂದನ್ನು ಬರೆದು, "ಇದು ಮುತ್ಯಾ ಮಾಡಿದ ಹೂಜಿಯ ಮೇಲಿದೆ" ಎಂದಳು. ಆಮೇಲೆ ಮಾತು ತಾನಾಗಿಯೇ ಬಂತು.

ಮುತ್ಯಾ, ಅಂದರೆ ಅವಳ ಅಜ್ಜ, ಬಿದರಿ ಕುಶಲಕರ್ಮಿ. ಬೆಳಿಗ್ಗೆ ಉಳಿ ಹಿಡಿದು ಕೂತರೆ ಕರೆದರೂ ಓಗೊಡುತ್ತಿರಲಿಲ್ಲವಂತೆ. ಸತು, ತಾಮ್ರ ಬೆರೆತ ಎರಕದ ಮೇಲೆ ಗೆರೆ ಕೊರೆದು, ಅದರಲ್ಲಿ ಬೆಳ್ಳಿ ತಂತಿ ಕೂರಿಸಿ, ಕೊನೆಗೆ ಕೋಟೆಯ ಮಣ್ಣು, ನವಸಾಗರದ (ಅಮೋನಿಯಂ ಕ್ಲೋರೈಡ್) ದ್ರಾವಣದಲ್ಲಿ ಲೋಹ ಕಪ್ಪಾಗಿ ಬೆಳ್ಳಿ ಮಾತ್ರ ಹೊಳೆಯುವವರೆಗೂ ಅವರದು ಮೌನವೇ. "ಜನ ಅವರನ್ನು ತಪಸ್ವಿ ಎನ್ನುತ್ತಿದ್ದರು" ಎಂದು ತಾಯಿ ಹೆಮ್ಮೆಪಟ್ಟರು. ಮಗಳನ್ನು ಏನೆನ್ನುತ್ತಾರೆ ಎಂದು ಕೇಳಿದೆ. ಮದುವೆ, ಮುಂಜಿಗಳಲ್ಲಿ ನೆಂಟರು "ಮೂಗಿ" ಎನ್ನುತ್ತಾರಂತೆ, ಮನೆಯಲ್ಲೂ ಕೆಲವೊಮ್ಮೆ.

ತಂದೆಯ ಪ್ರಶ್ನೆಗೆ ಹೀಗೆ ಉತ್ತರಿಸಿದೆ. ಇವರಿಬ್ಬರೂ ತದ್ರೂಪಿ ಅವಳಿಗಳಲ್ಲ. ಇಂಥ ಅವಳಿಗಳಲ್ಲಿ ಒಡಹುಟ್ಟಿದವರಂತೆಯೇ ಸರಾಸರಿ ಅರ್ಧದಷ್ಟು ವಂಶವಾಹಿಗಳು ಮಾತ್ರ ಸಮಾನ. ಐವತ್ತು ವರ್ಷಗಳ ಅವಳಿ ಅಧ್ಯಯನಗಳನ್ನು ಒಟ್ಟುಗೂಡಿಸಿ 2015ರಲ್ಲಿ ಪ್ರಕಟಿಸಿದ ವಿಶ್ಲೇಷಣೆಯಲ್ಲಿ, ಜನರ ನಡುವಿನ ವ್ಯತ್ಯಾಸಗಳಲ್ಲಿ ಸರಾಸರಿ 49 ಪ್ರತಿಶತಕ್ಕೆ ಆನುವಂಶಿಕತೆ ಕಾರಣವೆಂದು ಕಂಡಿತು. ಹಾಗೆಂದು ನಿಮ್ಮ ಮಗಳಲ್ಲಿ ಅರ್ಧ ರಕ್ತ, ಅರ್ಧ ಮನೆ ಎಂದು ಪಾಲು ಹಾಕಲಾಗದು. ಅದು ಜನಸಮೂಹದ ಲೆಕ್ಕ. ಮುತ್ಯಾನಿಂದಲೇ ಈ ಗುಣ ಬಂತೆಂದು ಖಚಿತವಾಗಿ ಹೇಳಲೂ ಬರುವುದಿಲ್ಲ. ಹೊಸಬರ ಮುಂದೆ ತಡವಾಗಿ ತೆರೆದುಕೊಳ್ಳುವ ಸ್ವಭಾವ ಮಾತ್ರ ಎಳವೆಯಲ್ಲೇ ಕಾಣಿಸುತ್ತದೆ. ನ್ಯೂಯಾರ್ಕಿನಲ್ಲಿ 1956ರಿಂದ ಮಕ್ಕಳನ್ನು ಗಮನಿಸುತ್ತ ಬಂದ ಅಲೆಕ್ಸಾಂಡರ್ ಥಾಮಸ್ ಮತ್ತು ಸ್ಟೆಲ್ಲಾ ಚೆಸ್, ಸುಮಾರು 15 ಪ್ರತಿಶತ ಮಕ್ಕಳನ್ನು ಈ ಗುಂಪಿಗೆ ಸೇರಿಸಿದ್ದರು. ಮಗುವಿನ ಸ್ವಭಾವಕ್ಕೂ ಸುತ್ತಲಿನವರ ನಿರೀಕ್ಷೆಗೂ ಹೊಂದಿಕೆಯಾಗದಿದ್ದಾಗ ತೊಂದರೆ ಹುಟ್ಟುತ್ತದೆ ಎಂಬುದು ಅವರ ನಿಲುವು. ನನ್ನ ಅನುಭವವೂ ಅದನ್ನೇ ಹೇಳುತ್ತದೆ.

ಒಂದೇ ಮನೆ ಎಂಬ ಮಾತನ್ನೂ ನಾನು ಒಪ್ಪಲಿಲ್ಲ. ಅಕ್ಕನಿಗೆ ಚಪ್ಪಾಳೆ ತಟ್ಟುವ ಮನೆಯಲ್ಲೇ ತಂಗಿಗೆ "ಅಕ್ಕನನ್ನು ನೋಡಿ ಕಲಿ" ಎಂಬ ಮಾತು ಸಿಗುತ್ತದೆ. ತಂಗಿಯನ್ನು ಕೇಳಿದ ಪ್ರಶ್ನೆಗೂ ಅಕ್ಕನೇ ಉತ್ತರಿಸುತ್ತಾಳೆ. ಹೀಗಾಗಿ ಬಾಯಿ ತೆರೆಯುವ ಅಭ್ಯಾಸವೇ ತಂಗಿಗೆ ತಪ್ಪಿಹೋಗಿದೆ, ಅಂಜಿಕೆ ಬಲಿತಿದೆ.

"ಮೂಗಿ" ಎಂಬ ಮಾತು ಮನೆಯಲ್ಲಿ ಇಂದೇ ನಿಲ್ಲಬೇಕು, ನೆಂಟರು ಅಂದರೆ ಅವಳೆದುರೇ ತಡೆಯಬೇಕು ಎಂದು ತಂದೆ ತಾಯಿಗೆ ಸ್ಪಷ್ಟವಾಗಿ ಹೇಳಿದೆ. ಹೊಟ್ಟೆನೋವು ಸುಳ್ಳೆಂದು ಬೈಯಬಾರದು, ಅದಕ್ಕಾಗಿ ಶಾಲೆ ತಪ್ಪಿಸಲೂಬಾರದು. ಮೌನಿಯೆಂದು ಅವಳನ್ನು ಮೂಲೆಯಲ್ಲಿ ಬಿಡುವುದೂ ತಪ್ಪೇ. ಅಂಗಡಿಯಲ್ಲಿ ಸಾಮಾನು ಕೇಳುವುದು, ಮರುದಿನದ ಪಾಠದ ಒಂದು ಉತ್ತರವನ್ನು ಮನೆಯಲ್ಲಿ ಹೇಳಿ ರೂಢಿಸಿಕೊಳ್ಳುವುದು, ಹೀಗೆ ಚಿಕ್ಕದರಿಂದ ಶುರುವಾಗಲಿ. ಮೊದಲೇ ತಿಳಿಸಿದ ಪ್ರಶ್ನೆಯನ್ನೇ ಕೇಳುವಂತೆ ತರಗತಿ ಶಿಕ್ಷಕಿಯನ್ನೂ ಕೋರಿದೆವು. ತಂಗಿಯ ಪರವಾಗಿ ಉತ್ತರಿಸದೆ ಕಾಯುವುದು ಅಕ್ಕನ ಪಾಲಿನ ಕೆಲಸ. ಅವಳು ಇದನ್ನು ಖುಷಿಯಿಂದಲೇ ಒಪ್ಪಿದಳು. ಇಬ್ಬರ ಮಾತಿನ ಭಾರವನ್ನೂ ಅವಳೊಬ್ಬಳೇ ಹೊತ್ತಿದ್ದಳು.

ಎರಡು ತಿಂಗಳಲ್ಲಿ ಹೊಟ್ಟೆನೋವು ಕಡಿಮೆಯಾಗಿದೆ, ಪೂರ್ತಿ ಹೋಗಿಲ್ಲ. ಶಾಲೆಗೆ ಹೋಗುವುದೇ ನಿಂತರೆ, ಊಟ, ನಿದ್ದೆ ಕೆಟ್ಟರೆ ತಡಮಾಡದೆ ಜಿಲ್ಲಾ ಆಸ್ಪತ್ರೆಯ ಮನೋವೈದ್ಯರನ್ನು ಕಾಣಲು ಹೇಳಿದ್ದೇನೆ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ಸಂಖ್ಯೆಗೆ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತನಾಡಬಹುದು.